ಪೈಪಣ್ಣನ ಕೋಲು

ಲೈನ್ ವಾಕರ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕಾಲು ನೋಯುವುದು ಮೊದಲ ಮಳೆಗಾಲದವರೆಗೆ ಮಾತ್ರ. ಆಮೇಲೆ ಕಾಲಿಗೆ ಅಭ್ಯಾಸವಾಗುತ್ತದೆ. ಅಭ್ಯಾಸವಾಗದೆ ಉಳಿಯುವುದು ಬಾಯಿ. ಬೆಳಗ್ಗೆ ಹೊರಟು ಸಂಜೆ ಮುಟ್ಟುವವರೆಗೆ ಮಾತಾಡಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಇದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ಕೆಲಸ ಏನೆಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸಮುದ್ರದ ಕಡೆಯಿಂದ ಪೆಟ್ರೋಲು, ಡೀಸೆಲು ಒಂದು ಪೈಪಿನಲ್ಲಿ ಬಂಟ್ವಾಳ, ಬೆಳ್ತಂಗಡಿ ದಾಟಿ ಘಟ್ಟ ಹತ್ತುತ್ತದೆ. ಪೈಪು ನೆಲದ ಅಡಿಯಲ್ಲಿ, ಮೇಲೆ ಬರೀ ಹುಲ್ಲು. ಆ ಹುಲ್ಲಿನ ಪಟ್ಟಿಯ ಮೇಲೆ ದಿನಾ ನಡೆಯುವುದು, ನಡೆಯುತ್ತಾ ನೋಡುವುದು, ಇಷ್ಟೇ ಕೆಲಸ. ಯಾರಾದರೂ ಅಗೆದಿದ್ದಾರೋ, ಬಾವಿ ತೋಡಿದ್ದಾರೋ, ಆಳಕ್ಕೆ ಬೇರು ಬಿಡುವ ಮರ ನೆಟ್ಟಿದ್ದಾರೋ, ಬೆಂಕಿ ಹಾಕಿದ್ದಾರೋ, ಹುಲ್ಲು ಒಂದೇ ಕಡೆ ಕಾರಣವಿಲ್ಲದೆ ಒಣಗಿದೆಯೋ ಎಂದು ನೋಡಬೇಕು. ಕೈಯಲ್ಲಿ ಒಂದು ಕೋಲು. ಹಾವಿಗೂ ಅದೇ, ನಾಯಿಗೂ ಅದೇ, ಊರಿಕೊಂಡು ತೋಡಿನ ನೀರು ದಾಟಲಿಕ್ಕೂ ಅದೇ. ನನ್ನ ಹೆಸರು ಸಂಜೀವ. ಆದರೆ ನಾನು ನಡೆದ ಊರುಗಳಲ್ಲಿ ಆ ಹೆಸರು ಗೊತ್ತಿದ್ದವರು ಇರಲಿಲ್ಲ. ಎಲ್ಲರಿಗೂ ನಾನು ಪೈಪಣ್ಣ.

ಈ ಕೆಲಸದಿಂದಾಗಿ ಮದುವೆಯೂ ತಪ್ಪಿತು. ಮಿಜಾರಿಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಅಪ್ಪ ಎಲೆಅಡಿಕೆ ತಟ್ಟೆ ಮುಂದಿಟ್ಟು ಕೇಳಿದರು, "ಕೆಲಸ ಎಂತದು?"

"ಪೈಪಿನ ಮೇಲೆ ನಡೆಯುದು."

"ನಡೆದು ಎಲ್ಲಿಗೆ ಹೋಗುದು?"

"ಎಲ್ಲಿಗೂ ಇಲ್ಲ. ವಾಪಸ್ ಬರುದು."

"ಅದಕ್ಕೆ ಸಂಬಳ ಕೊಡ್ತಾರಾ ಮಾರಾಯ್ರೆ?"

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯೇ ಇರಬೇಕು. ಆ ನಗು ನನಗೆ ಹಿಡಿಸಿತ್ತು, ಏನು ಮಾಡುವುದು! ಸಂಬಂಧ ಮುಂದುವರಿಯಲಿಲ್ಲ. ಇನ್ನೊಂದು ಕಡೆ ನೋಡುವ, ಮತ್ತೆ ನೋಡುವ ಎನ್ನುತ್ತಾ ವರ್ಷಗಳು ಹೋದವು. ವೇಣೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದೆ.

ಪೈಪು ಬಂದ ಬಗೆಯನ್ನೂ ಹೇಳಬೇಕು. ಅದು ಚುನಾವಣೆಯ ಸಮಯ. ಮುಂಡಾಜೆಯ ಹತ್ತಿರ ರಸ್ತೆ ಬದಿಯ ಮೈದಾನದಲ್ಲಿ ಸಭೆ. ಒಬ್ಬರು ಮೈಕ್ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದರು, "ಇನ್ನು ನಿಮ್ಮ ಮಕ್ಕಳು ಗಲ್ಫಿಗೆ ಹೋಗುವ ಅಗತ್ಯ ಇಲ್ಲ. ಗಲ್ಫೇ ನಿಮ್ಮ ಜಾಗದ ಅಡಿಗೆ ಬರ್ತದೆ!" ಚಪ್ಪಾಳೆಯೋ ಚಪ್ಪಾಳೆ. ಮನೆಗೊಂದು ಕೆಲಸ ಎಂದರು, ಟಾರು ರಸ್ತೆ ಎಂದರು. ಎದುರು ಪಕ್ಷದವರು ಪೈಪು ಬೇಡವೇ ಬೇಡ ಎಂದು ಮೆರವಣಿಗೆ ಹೋದರು. ಚುನಾವಣೆಯಲ್ಲಿ ಗೆದ್ದದ್ದು ಎದುರು ಪಕ್ಷ. ಗೆದ್ದ ಮೇಲೆ ಅವರು ಪೈಪು ಬೇಕೆಂದರು, ಸೋತವರು ಬೇಡವೆಂದರು. ಯಾರು ಏನೆಂದರೂ ಯಂತ್ರ ಮಾತ್ರ ಚರಂಡಿ ತೋಡುತ್ತಾ ಮುಂದೆ ಬರುತ್ತಲೇ ಇತ್ತು. ಮನೆಗೊಂದು ಕೆಲಸದ ಬದಲು ಊರಿಗೆ ಒಂದೆರಡು ಕೆಲಸ ಬಂದವು, ಅದೂ ಗುತ್ತಿಗೆಯ ಮೇಲೆ. ಅದರಲ್ಲಿ ಒಂದು ನನ್ನದು.

ಆಗಲೇ ನನಗೆ ದೇಜಪ್ಪಣ್ಣನ ಪರಿಚಯವಾದದ್ದು. ಮುಂಡಾಜೆಯಿಂದ ಸ್ವಲ್ಪ ಒಳಗೆ ಅವರ ಮನೆ. ಪೈಪು ಅವರ ಹಿತ್ತಿಲಲ್ಲೇ ಹಾದುಹೋಗಬೇಕಿತ್ತು. ಹಿತ್ತಿಲಲ್ಲಿ ಅವರ ಅಪ್ಪನ ದೂಪೆ. ನಮ್ಮ ಕಡೆ ಸತ್ತವರನ್ನು ಅವರವರ ಜಾಗದಲ್ಲೇ ಸುಡುವುದು ಕ್ರಮ. ಸುಟ್ಟ ಜಾಗದ ಮೇಲೆ ಮಣ್ಣು ಏರಿಸಿ ಕಲ್ಲು ಕಟ್ಟಿ ದೂಪೆ ಮಾಡುತ್ತಾರೆ. ದೇಜಪ್ಪಣ್ಣ ಯಂತ್ರದ ಎದುರು ನಿಂತು ದೂಪೆ ಮುಟ್ಟಬಾರದು ಎಂದರು. ಅಧಿಕಾರಿ ಒಪ್ಪಿ ಪೈಪನ್ನು ಅದರ ಪಕ್ಕಕ್ಕೆ ಸರಿಸಿದರು. "ನಾಳೆ ನಾನೂ ಇಲ್ಲೇ, ಅಪ್ಪನ ಬಗಲಲ್ಲೇ ಮಲಗುದು. ಈಗಲೇ ಹೇಳಿದ್ದೇನೆ," ಎಂದರು ದೇಜಪ್ಪಣ್ಣ ತುಳುವಿನಲ್ಲಿ. ಅಧಿಕಾರಿ ಉತ್ತರ ಭಾರತದವರು, ನಗುತ್ತಾ ತಲೆಯಾಡಿಸಿದರು. ಆಮೇಲೆ ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಜಾಗ ನಿಮ್ಮದೇ, ಹುಲ್ಲು ಬೆಳೆಸಿ, ತರಕಾರಿ ಬೆಳೆಸಿ. ಅಗೆಯುವ ಹಾಗಿಲ್ಲ, ಅಷ್ಟೇ," ಎಂದು ಬೇರೆಯವರ ಬಾಯಲ್ಲಿ ಹೇಳಿಸಿದರು.

ಅದನ್ನು ನೆನೆಸಿ ದೇಜಪ್ಪಣ್ಣ ಎಷ್ಟು ಸಲ ನಕ್ಕಿದ್ದಾರೋ. "ಜಾಗ ನನ್ನದು, ಅಗೀಲಿಕ್ಕೆ ಮಾತ್ರ ಇಲ್ಲ. ಮದುವೆ ಆಗಿದೆ, ಹೆಂಡತಿ ಹತ್ರ ಮಾತಾಡ್ಲಿಕ್ಕೆ ಇಲ್ಲ ಅಂದ ಹಾಗೆ ಆಯ್ತು, ಅಲ್ವಾ ಪೈಪಣ್ಣ?"

ಅವರ ಹೆಂಡತಿ ಕಮಲಕ್ಕ ಒಳಗಿನಿಂದಲೇ ಹೇಳುವುದು, "ಮಾತಾಡದಿದ್ರೆ ಒಳ್ಳೆದೇ. ನನ್ನ ಕಿವಿಗೂ ಸ್ವಲ್ಪ ಸುಖ."

ನಾನು ನಡೆದ ಅಷ್ಟು ದಾರಿಯಲ್ಲಿ ನನ್ನನ್ನು ಕೂರಿಸಿ ಮಾತಾಡಿಸಿದ ಮನೆ ಅದೊಂದೇ. ಉಳಿದವರಿಗೆ ನಾನೆಂದರೆ ಕಂಪನಿಯ ಕಣ್ಣು. ತೆಂಗಿನ ಸಸಿ ನೆಟ್ಟವರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು, ನಾನು ವರದಿ ಮಾಡುತ್ತೇನೆಂದು. ಮಾಡುತ್ತಲೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಕಮಲಕ್ಕ ಮಾತ್ರ ನಾನು ಬರುವ ಹೊತ್ತಿಗೆ ಜಗಲಿಯ ತುದಿಯಲ್ಲಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಇಟ್ಟಿರುತ್ತಿದ್ದರು. ನಾನು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು ಕೂರುವುದು, ದೇಜಪ್ಪಣ್ಣ ಊರಿನ ಸುದ್ದಿ ಬಿಚ್ಚುವುದು. ಆ ಒಂದಿಷ್ಟು ಹೊತ್ತಿಗಾಗಿ ಉಳಿದ ದಾರಿ ನಡೆಯುತ್ತಿದ್ದೆ.

ಎಡವಟ್ಟೂ ಮಾಡಿದ್ದೇನೆ. ಬಂಟ್ವಾಳದ ಕಡೆಗೆ ನನ್ನನ್ನು ಹಾಕಿದ್ದಾಗ ಒಂದು ಬೆಳಗ್ಗೆ ಪಟ್ಟಿಯಲ್ಲಿ ಹಸಿಮಣ್ಣು ಕಂಡೆ. ಅಗೆದು ಮುಚ್ಚಿದ ಗುರುತು. ಪೈಪಿಗೆ ತೂತು ಕೊರೆದು ಎಣ್ಣೆ ಕದಿಯುವವರು ಇದ್ದಾರೆಂದು ನಮಗೆ ಹೇಳಿ ಹೇಳಿ ಇಟ್ಟಿದ್ದರು. ಫೋನ್ ಮಾಡಿದೆ. ಎರಡು ಜೀಪು, ಪೊಲೀಸರು, ವಾಸನೆ ಹಿಡಿಯುವ ಯಂತ್ರ, ಎಂಜಿನಿಯರು, ಎಲ್ಲ ಬಂದರು. ಮೆಲ್ಲ ಮೆಲ್ಲ ಅಗೆದರು. ಸಿಕ್ಕಿದ್ದು ಬೈರಾಸಿನಲ್ಲಿ, ಮೈ ಒರೆಸುವ ಬಟ್ಟೆಯಲ್ಲಿ, ಸುತ್ತಿದ ಒಂದು ಸತ್ತ ನಾಯಿ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓಡಿಬಂದು, "ನನ್ನ ಟೈಗರ್ ಅದು, ಮುಟ್ಬೇಡಿ," ಎಂದು ಅತ್ತೇಬಿಟ್ಟರು. ಪೊಲೀಸರು ನನ್ನ ಮುಖ ನೋಡಿದರು. ಎಂಜಿನಿಯರು ನಾಯಿಯನ್ನು ಪಟ್ಟಿಯಿಂದ ಆಚೆ ಹೂಳಿಸಲು ಹೇಳಿದರು. ಮೇಷ್ಟ್ರ ಜೊತೆ ಹೊಂಡ ತೋಡಿದವನು ನಾನೇ. ಆ ಊರಲ್ಲಿ ಆಮೇಲೆ ನಾನು ಬರೀ ಪೈಪಣ್ಣ ಅಲ್ಲ, ನಾಯಿ ಪೈಪಣ್ಣ.

ಮುಂದೆ ಜಿಪಿಎಸ್ ಡಬ್ಬಿ ಬಂತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಬೇಕು. ಎಲ್ಲಿ ನಡೆದೆ, ಎಲ್ಲಿ ನಿಂತೆ, ಎಲ್ಲ ದೂರದ ಕಂಟ್ರೋಲ್ ರೂಮಿನ ಪರದೆಯಲ್ಲಿ ಕಾಣುತ್ತದಂತೆ. ಸ್ವಲ್ಪ ಹೊತ್ತು ನಿಂತರೆ ಫೋನ್ ಬರುತ್ತದೆ. "ಯಾಕೆ ನಿಂತಿದ್ದೀರಿ?"

"ಮೂತ್ರಕ್ಕೆ."

"ಇಷ್ಟು ಹೊತ್ತಾ?"

"ಪ್ರಾಯ ಆಯ್ತಮ್ಮ."

ದೇಜಪ್ಪಣ್ಣನ ಜಗಲಿಯಲ್ಲಿ ಕೂರುವ ಸುಖ ಅಲ್ಲಿಗೆ ಮೊಟಕಾಯಿತು. ಬೆಲ್ಲ ಬಾಯಲ್ಲಿರುವಾಗಲೇ ಎದ್ದು ಹೊರಡಬೇಕು. ದೇಜಪ್ಪಣ್ಣ ನನ್ನ ಸೊಂಟದ ಡಬ್ಬಿ ನೋಡಿ, "ನಮ್ಮ ದನದ ಕುತ್ತಿಗೆಗೂ ಗಂಟೆ ಉಂಟು. ಆದ್ರೆ ಅದು ನಿಂತ್ರೆ ನಾವು ಬೈಯುದಿಲ್ಲ," ಎಂದು ನಗುತ್ತಿದ್ದರು.

ಅವರು ಹೋದದ್ದು ಒಂದು ಬೇಸಿಗೆಯಲ್ಲಿ, ನಿದ್ದೆಯಲ್ಲೇ. ನನಗೆ ಗೊತ್ತಿರಲಿಲ್ಲ. ಎಂದಿನ ಹಾಗೆ ಹೋದರೆ ಅಂಗಳದ ತುಂಬ ಜನ. ಹಿತ್ತಿಲ ಮಾವಿನ ಮರ ಕಡಿದು ಉರುಳಿಸಿದ್ದರು. ಒಳಗೆ ಹೋಗಿ ಮುಖ ನೋಡಿ ಕೈಮುಗಿದೆ. ಎಲೆಅಡಿಕೆಯ ಕೆಂಪು ತುಟಿಯಲ್ಲಿ ಇನ್ನೂ ಇತ್ತು. ಎಷ್ಟು ತಡೆದರೂ ಅಳು ನಿಲ್ಲಲಿಲ್ಲ. ಕಮಲಕ್ಕ ನನ್ನನ್ನು ನೋಡಿ, "ನಿನಗೆ ಸುದ್ದಿ ಹೇಳುವ ಜನ ಹೋಯ್ತಲ್ಲ ಪೈಪಣ್ಣ," ಎಂದರು.

ಕಣ್ಣೊರೆಸಿಕೊಂಡು ಹಿತ್ತಿಲಿಗೆ ಬಂದೆ. ಇಬ್ಬರು ಹಾರೆ ಹಿಡಿದು ಚಿತೆಗೆ ಹೊಂಡ ತೋಡುತ್ತಿದ್ದರು. ಅಪ್ಪನ ದೂಪೆಯ ಬಗಲಲ್ಲಿ. ಪೈಪಿನ ಮೇಲೆಯೇ.

ನೋಡದ ಹಾಗೆ ಹೊರಟುಬಿಡುವ ಎನಿಸಿತು. ಆದರೆ ಅಗೆಯುತ್ತಿದ್ದ ಹಾರೆಯ ಶಬ್ದ ಕಿವಿಗೆ ಬೀಳುತ್ತಿತ್ತು, ಅಂಗಳದಲ್ಲಿ ಮಕ್ಕಳೂ ಇದ್ದರು. "ನಿಲ್ಲಿಸಿ. ಇಲ್ಲಿ ಬೇಡ," ಎಂದೆ.

ಪಕ್ಕದ ಮನೆಯ ಶೀನಣ್ಣ ಮುಂದೆ ಬಂದರು. ಅವರ ಮಾತನ್ನು ಊರಲ್ಲಿ ನಾಲ್ಕು ಜನ ಕೇಳುತ್ತಾರೆ. "ಎಂತ ಬೇಡ? ಪೈಪು ಅಡಿಯಲ್ಲಿ ಉಂಟು, ಹೆಣ ಮೇಲೆ ಉಂಟು. ನಿನ್ನ ಪೈಪಿಗೆ ಎಂತ ಆಗ್ತದೆ?"

"ಅಗೀಲಿಕ್ಕಿಲ್ಲ ಶೀನಣ್ಣ, ಬೆಂಕಿ ಹಾಕ್ಲಿಕ್ಕಿಲ್ಲ. ಹೆಚ್ಚುಕಡಿಮೆ ಆದ್ರೆ ಈ ಗುಡ್ಡೆಯಲ್ಲಿ ಯಾರೂ ಉಳಿಯುದಿಲ್ಲ."

"ಜಾಗ ಯಾರದ್ದು?"

"ಅವರದ್ದೇ."

"ಮತ್ತೆ ನೀನ್ಯಾರು ಹೇಳ್ಲಿಕ್ಕೆ?"

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಕಂಟ್ರೋಲ್ ರೂಮು. "ಯಾಕೆ ನಿಂತಿದ್ದೀರಿ?" ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಇದ್ದದ್ದು ಹೇಳಿದರೆ ಜೀಪು ಬರುತ್ತಿತ್ತು, ಪೊಲೀಸರು ಬರುತ್ತಿದ್ದರು, ದೇಜಪ್ಪಣ್ಣನ ಹೆಣದ ಎದುರು ಲಾಠಿ ಹಿಡಿದು ನಿಲ್ಲುತ್ತಿದ್ದರು. "ಬಾಯಾರಿಕೆ ಆಯ್ತು. ಒಂದು ಮನೆಯಲ್ಲಿ ನೀರು ಕುಡೀತಿದ್ದೇನೆ," ಎಂದೆ. ಸೂತಕದ ಮನೆಯಲ್ಲಿ ಹೊರಗಿನವರು ನೀರು ಮುಟ್ಟುವುದಿಲ್ಲ. ಆದರೂ ಆ ಹೊತ್ತಿಗೆ ಬಾಯಿಗೆ ಬಂದ ಸುಳ್ಳು ಅದೇ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಕಮಲಕ್ಕ ಅದನ್ನು ಕೇಳಿಸಿಕೊಂಡರು.

"ಅವತ್ತು ನಿಮ್ಮ ಆಫೀಸರು ತಲೆ ಆಡಿಸಿದ್ದಾರೆ. ನೀನು ಅಲ್ಲೇ ನಿಂತಿದ್ದೆ. ಹೌದಾ ಅಲ್ವಾ?" ಎಂದು ಕೇಳಿದರು.

"ಹೌದು ಕಮಲಕ್ಕ."

"ಮತ್ತೆ?"

ಶೀನಣ್ಣ ದೇಜಪ್ಪಣ್ಣನ ಮಗ ಪ್ರವೀಣನಿಗೆ ವಿಡಿಯೋ ಕಾಲ್ ಮಾಡಿದರು. ಅವನು ಗಲ್ಫಿನಲ್ಲಿ, ಎಣ್ಣೆ ಶುದ್ಧ ಮಾಡುವ ಕಡೆ ಕೆಲಸ. ವೆಲ್ಡಿಂಗ್ ನಡೆಯುವಾಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಲ್ಲುವುದೇ ಅವನ ಉದ್ಯೋಗ. ರಜೆ ಸಿಕ್ಕಿರಲಿಲ್ಲ, ಅಪ್ಪನ ಚಿತೆಯನ್ನು ಫೋನಿನಲ್ಲೇ ನೋಡಲು ಕಾದು ಕುಳಿತಿದ್ದ. "ನಿನ್ನ ಅಪ್ಪನನ್ನು ಸುಡ್ಲಿಕ್ಕೆ ಬಿಡುದಿಲ್ಲ ಅಂತಾನೆ ಇವ. ನೀನೇ ಎರಡು ಹೇಳು," ಎಂದು ಶೀನಣ್ಣ ಫೋನನ್ನು ನನ್ನ ಮುಖದ ಎದುರು ಹಿಡಿದರು.

ಪ್ರವೀಣನ ಕಣ್ಣು ಊದಿತ್ತು. "ಹೊಂಡ ಪೈಪಿಂದ ಎಷ್ಟು ದೂರ ಪೈಪಣ್ಣ?"

"ಮೇಲೆಯೇ ಮಗಾ."

ಅವನು ಫೋನನ್ನು ಕವುಚಿ ಇಟ್ಟ, ಪರದೆ ಕಪ್ಪಾಯಿತು. ಕರೆ ಕಟ್ಟಾಯಿತೆಂದೇ ಎಲ್ಲರೂ ಎಣಿಸಿದೆವು. ಆಮೇಲೆ ಹೇಳಿದ, "ಪೈಪಣ್ಣ ಹೇಳಿದ್ದು ಸರಿ. ಅಲ್ಲಿ ಬೇಡ. ಬೇರೆ ಕಡೆ ಮಾಡಿ."

ಶೀನಣ್ಣನ ಕೈ ಇಳಿಯಿತು. ಕಮಲಕ್ಕ ಫೋನಿನ ಹತ್ತಿರ ಬಂದು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿನಗೂ ಅನ್ನ ಹಾಕುದು ಆ ಎಣ್ಣೆ. ಇವನಿಗೂ ಅನ್ನ ಹಾಕುದು ಆ ಎಣ್ಣೆ. ನೀವಿಬ್ಬರು ಬೇರೆ ಎಂತ ಹೇಳ್ತೀರಿ?" ಎಂದರು. ಕೂಗಲಿಲ್ಲ, ಅಳಲಿಲ್ಲ. ಮತ್ತೆ ನನ್ನ ಕಡೆ ತಿರುಗಿ, "ಜಾಗ ತೋರಿಸು," ಎಂದರು.

ನಾನು ಪಟ್ಟಿ ದಾಟಿ, ದನದ ಹಟ್ಟಿಯ ಹಿಂದೆ ಹೋಗಿ ಕೋಲು ಊರಿದೆ. "ಇಲ್ಲಿಂದ ಆಚೆ," ಎಂದೆ. ಅಪ್ಪನ ಬಗಲಲ್ಲಿ ಮಲಗುತ್ತೇನೆಂದಿದ್ದ ಮನುಷ್ಯನನ್ನು ಹಟ್ಟಿಯ ಹಿಂದೆ ಸುಟ್ಟರು. ಪೈಪಿನ ಮೇಲೆ ತೋಡಿದ್ದ ಹೊಂಡವನ್ನು ನಾನೇ ಕೈಯಿಂದ ಮಣ್ಣು ಎಳೆದು ಮುಚ್ಚಿದೆ. ಯಾರೂ ಹಾರೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೂ ಜಗಲಿಯ ತುದಿಯಲ್ಲಿ ಚೊಂಬು ಕಾಣಲಿಲ್ಲ. ಒಂದು ತಿಂಗಳು ನೋಡಿದೆ, ಮಳೆಗಾಲ ಕಳೆಯಲಿ ಎಂದು ಕಾದೆ. ಕಮಲಕ್ಕ ಅಂಗಳದಲ್ಲಿದ್ದರೆ ನನ್ನನ್ನು ಕಂಡು ಒಳಗೆ ಹೋಗುತ್ತಿದ್ದರು. ಬೈದಿದ್ದರೆ ಬೈಗುಳವನ್ನಾದರೂ ಕೇಳಬಹುದಿತ್ತು. ನಾನು ಬಾಟಲಿಯಲ್ಲಿ ನೀರು ಒಯ್ಯಲು ಶುರುಮಾಡಿದೆ. ದಿನಾ ಆ ಮನೆಯ ಹಿಂದೆ ಹೋಗುವಾಗ ಕುತ್ತಿಗೆ ತಿರುಗಿಸಿ ಹಟ್ಟಿಯ ಹಿಂದಿನ ದೂಪೆಯನ್ನು ಒಮ್ಮೆ ನೋಡುತ್ತಿದ್ದೆ. ಎದುರು ಜಗಲಿ ನೋಡಲು ಧೈರ್ಯ ಬರುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವರ್ಷಗಳಲ್ಲಿ ಒಂಟಿತನ ನನ್ನನ್ನು ತಿಂದುಹಾಕಿತು. ಕೆಲವು ದಿನ ಬೇಕೆಂದೇ ಗುಡ್ಡೆಯ ನಡುವೆ ಸುಮ್ಮನೆ ನಿಲ್ಲುತ್ತಿದ್ದೆ. ಕಂಟ್ರೋಲ್ ರೂಮಿನ ಹುಡುಗಿ ಫೋನ್ ಮಾಡಿ, "ಯಾಕೆ ನಿಂತಿದ್ದೀರಿ?" ಎಂದು ಕೇಳಲಿ ಎಂದು. ಇಡೀ ದಿನದಲ್ಲಿ ನನ್ನನ್ನು ಮಾತಾಡಿಸುವವಳು ಅವಳೊಬ್ಬಳೇ ಆಗಿದ್ದಳು. ಅವಳು ಕೆಲಸ ಬಿಟ್ಟಳೋ ಏನೋ, ಮತ್ತೆ ಫೋನ್ ಬದಲು ಬರೀ ಮೆಸೇಜು ಬರತೊಡಗಿತು.

ಮಳೆಯೂ ನಮ್ಮ ಹಳೆಯ ಮಳೆಯಾಗಿ ಉಳಿದಿರಲಿಲ್ಲ. ಮೊದಲು ತಿಂಗಳುಗಟ್ಟಲೆ ಹದವಾಗಿ ಸುರಿಯುತ್ತಿದ್ದದ್ದು ಈಗ ನಾಲ್ಕು ದಿನದಲ್ಲಿ ಕೊಡಪಾನ ಕವುಚಿದ ಹಾಗೆ ಸುರಿದು ಹೋಗುತ್ತದೆ. ಅಂಥದ್ದೇ ಒಂದು ಮಳೆಗೆ ಚಾರ್ಮಾಡಿಯ ದಿಕ್ಕಿನ ಗುಡ್ಡೆಗಳು ಜಾರಿದವು. ನನ್ನ ಭಾಗದಲ್ಲಿ ಒಂದು ತೋಡು ದಾರಿ ಬದಲಿಸಿ ಪೈಪಿನ ಅಡಿಯ ಮಣ್ಣನ್ನೇ ಕೊಚ್ಚಿಕೊಂಡು ಹೋಯಿತು. ಮೊದಲ ಸಲ ಊರಿನವರಿಗೆ ಪೈಪಿನ ದರ್ಶನ. ಎಣ್ಣೆ ನಿಲ್ಲಿಸಿದರು, ಯಂತ್ರಗಳು ಬಂದವು, ಜನ ಬೈಕು ಹತ್ತಿ ನೋಡಲು ಬಂದರು. ಶೀನಣ್ಣನೂ ಬಂದರು. "ಇಷ್ಟು ಸಪೂರ ಪೈಪಾ? ಇದಕ್ಕಾ ಇಷ್ಟೆಲ್ಲ?"

ಎಂಜಿನಿಯರು ಫೋನಿನಲ್ಲಿ ಮೇಲಿನವರಿಗೆ ಹೇಳುತ್ತಿದ್ದರು, ಹವಾಮಾನ ಬದಲಾವಣೆಯಿಂದ ಹೀಗಾಗಿದೆ ಎಂದು. ಶೀನಣ್ಣ ನನ್ನ ಕಡೆ ಬಾಗಿ, "ಹವಾಮಾನ ಬದಲಾದ್ದು ಎಂತ ಸುಟ್ಟು ಅಂತ ಕೇಳು ಮಾರಾಯ," ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಕೇಳಲಿಕ್ಕೆ ನನಗೆ ಬಾಯಿ ಎಲ್ಲಿತ್ತು? ಶೀನಣ್ಣನ ಬೈಕೂ ಅಲ್ಲೇ ನಿಂತಿತ್ತು.

ಅದೇ ಮಳೆಗೆ ಕಮಲಕ್ಕನ ಹಿತ್ತಿಲಿಗೆ ಮೇಲಿನ ಗುಡ್ಡೆಯ ಮಣ್ಣು ಇಳಿದಿತ್ತು. ಹಟ್ಟಿ ಬಿದ್ದಿತ್ತು. ಪೈಪಿನ ದಾರಿಗೆ ಕಂಪನಿ ನೆಟ್ಟ ಗುರುತಿನ ಕಲ್ಲುಗಳು, ಎರಡೂ ದೂಪೆಗಳು, ಎಲ್ಲ ಕೆಸರಿನ ಅಡಿಗೆ ಹೋಗಿದ್ದವು. ಕಮಲಕ್ಕ ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ಓಡಾಡುತ್ತಾ, "ಅವರದ್ದು ಎಲ್ಲಿ? ಇಲ್ಲೇ ಇತ್ತಲ್ಲ, ಇಲ್ಲೇ ಎಲ್ಲೋ," ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಒಬ್ಬರು ಅಲ್ಲಿ ಎಂದರು, ಒಬ್ಬರು ಇಲ್ಲಿ ಎಂದರು. ನನಗೆ ಗೊತ್ತಿತ್ತು. ಅವರು ನನ್ನನ್ನು ಕೇಳಲಿಲ್ಲ. ಕೇಳದೆ ಹೇಳುವ ಧೈರ್ಯ ನನಗೂ ಬರಲಿಲ್ಲ. ಸೂಪರ್‌ವೈಸರ್ ಕರೆದರು, ಹೋದೆ. ಮುಂದಿನ ವರ್ಷ ಆ ಕೆಸರಿನ ಮೇಲೆ ಹುಲ್ಲು ಬೆಳೆಯಿತು.

ಅದಾಗಿ ಕೆಲವು ಸಮಯಕ್ಕೆ ನನಗೂ ಕೆಲಸದ ಪ್ರಾಯ ಮುಗಿಯಿತು. ಡಬ್ಬಿ, ಬೂಟು, ಕಿತ್ತಳೆ ಬಣ್ಣದ ಅಂಗಿ, ಎಲ್ಲ ಗುತ್ತಿಗೆದಾರನ ಜನ ವಾಪಸ್ ತೆಗೆದುಕೊಂಡರು. ಕೋಲು ಯಾರಿಗೂ ಬೇಡವಾಗಿತ್ತು, ಅದು ನನ್ನ ಜೊತೆ ಬಂತು. ಈಗ ಡ್ರೋನ್ ಹಾರಿಸುತ್ತಾರಂತೆ, ಮಣ್ಣಿನಡಿಯ ತಂತಿಗೇ ಹೆಜ್ಜೆ ಸದ್ದು ಕೇಳುತ್ತದಂತೆ. ಒಳ್ಳೆಯದೇ. ನಾನು ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ವೇಣೂರಿನ ಬಸ್ ನಿಲ್ದಾಣದವರೆಗೆ ಹೋಗುತ್ತೇನೆ, ಬಸ್ಸು ಹೊರಡುವುದನ್ನು ನೋಡುತ್ತೇನೆ, ವಾಪಸ್ ಬರುತ್ತೇನೆ. ಎಲ್ಲಿ ಎಷ್ಟು ಹೊತ್ತು ನಿಂತರೂ ಯಾಕೆಂದು ಕೇಳುವವರಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಫೋನ್ ಬಂತು. ಪ್ರವೀಣ. ಗಲ್ಫು ಬಿಟ್ಟು ಊರಿಗೇ ಬಂದಿದ್ದಾನೆಂದು ಕೇಳಿದ್ದೆ.

"ಪೈಪಣ್ಣ, ಅಮ್ಮ ತೀರಿಹೋದ್ರು. ನೀವು ಒಮ್ಮೆ ಬರ್ಬೇಕು, ಜಾಗ ತೋರಿಸ್ಲಿಕ್ಕೆ."

"ನಾನು ರಿಟೈರ್ ಆಗಿದ್ದೇನೆ ಮಗಾ. ಈಗಿನವರನ್ನು ಕೇಳು."

"ಅವರ ಹತ್ರ ಕೇಳುವಂಥದ್ದಲ್ಲ. ಅಪ್ಪನ ಬಗಲಲ್ಲೇ ಆಗ್ಬೇಕು ಅಂತ ಅಮ್ಮ ಮೊನ್ನೆ ಹೇಳಿದ್ರು. ಅಪ್ಪನ ಜಾಗ ಎಲ್ಲಿ ಅಂತ ನಮಗೆ ಯಾರಿಗೂ ಸರಿ ಗೊತ್ತಿಲ್ಲ. 'ಪೈಪಣ್ಣನಿಗೆ ಗೊತ್ತುಂಟು. ಕೋಲು ಊರಿದ್ದು ಅವನು, ಅವನನ್ನೇ ಕರೀರಿ' ಅಂದ್ರು."

ಬಾಗಿಲ ಹಿಂದಿನ ಕೋಲು ತೆಗೆದುಕೊಂಡು ಬಸ್ಸು ಹತ್ತಿದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದೆ.

ಅಂಗಳದಲ್ಲಿ ಅವತ್ತಿನ ಜನವೇ, ಎಲ್ಲರಿಗೂ ವಯಸ್ಸಾಗಿತ್ತು. ಕಮಲಕ್ಕನ ಮುಖ ನೋಡಿ ಕೈಮುಗಿದೆ. ಹಿತ್ತಿಲಿಗೆ ಬಂದರೆ ನನಗೂ ದಿಕ್ಕು ತಪ್ಪಿತು. ಹಟ್ಟಿ ಇಲ್ಲ, ಕಲ್ಲಿಲ್ಲ, ಎಲ್ಲ ಒಂದೇ ಹುಲ್ಲು. ಶೀನಣ್ಣ ನನ್ನನ್ನೇ ನೋಡುತ್ತಿದ್ದರು. "ಸ್ವಲ್ಪ ತಾಳಿ," ಎಂದು ಹೇಳಿ ನಾನು ಹಿತ್ತಿಲ ಆಚೆಯವರೆಗೆ ಹೋಗಿ, ಅಲ್ಲಿಂದ ಡ್ಯೂಟಿಯಲ್ಲಿ ಬಂದ ಹಾಗೆಯೇ ಪಟ್ಟಿಯ ಮೇಲೆ ನಡೆದು ಬಂದೆ. ಕಾಲು ತನ್ನಷ್ಟಕ್ಕೆ ನಡೆಯಿತು. ಒಂದು ಕಡೆ ಬಂದಾಗ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗಿತು. ಅಲ್ಲೇ ನಿಂತು, ಕಣ್ಣು ಹೋದ ಕಡೆಗೆ ನೇರ ಹೋಗಿ, "ಇಲ್ಲಿ ಕೆರೆದು ನೋಡಿ," ಎಂದೆ. ಹುಲ್ಲು, ಅದರ ಅಡಿಯ ಮಣ್ಣು ಸರಿಸುತ್ತಾ ಹೋದರು. ದೂಪೆಗೆ ಕಟ್ಟಿದ ಮುರಕಲ್ಲಿನ ಅಂಚು ಕಾಣಿಸಿತು. ಪ್ರವೀಣ ಅಲ್ಲೇ ಮೊಣಕಾಲೂರಿ ಕುಳಿತುಬಿಟ್ಟ.

ನಾನು ಅದರ ಬಗಲಲ್ಲಿ, ಪಟ್ಟಿಗೆ ತಾಗದ ಹಾಗೆ ಕೋಲು ಊರಿದೆ. ಈ ಸಲ ಏನೂ ಹೇಳಬೇಕಾಗಿ ಬರಲಿಲ್ಲ. ಶೀನಣ್ಣ ತಾವೇ ಹಾರೆ ತಂದು ನನ್ನ ಕೈಗೆ ಕೊಟ್ಟರು. ಮೊದಲ ಏಟು ನಾನು ಹಾಕಿದೆ.

ಕಮಲಕ್ಕ ನನ್ನನ್ನು ಕ್ಷಮಿಸಿದರೋ, ಕೆಡಿಸಿದವನೇ ಸರಿಮಾಡಲಿ ಎಂದು ಕೆಲಸಕ್ಕೆ ಹಚ್ಚಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಚಿತೆ ಉರಿದು ತಗ್ಗಿದ ಮೇಲೆ ಹೊರಡುವ ಎಂದು ಅಂಗಳಕ್ಕೆ ಬಂದೆ. ಜಗಲಿಯ ತುದಿಯಲ್ಲಿ ಪ್ರವೀಣ ಒಂದು ಚೊಂಬು ನೀರು ತಂದಿಟ್ಟ. ಪಕ್ಕದಲ್ಲಿ ಒಂದು ತುಂಡು ಬೆಲ್ಲ.

"ಏ ಪ್ರವೀಣ, ಸೂತಕ ಅಲ್ವಾ ಮಾರಾಯ, ಅವರಿಗೆ ನೀರು ಕೊಡ್ಲಿಕ್ಕಿಲ್ಲ," ಎಂದರು ಶೀನಣ್ಣ ಮೆಲ್ಲಗೆ.

ನಾನು ಜಗಲಿಯ ಮೇಲೆ ನನ್ನ ಹಳೆಯ ಜಾಗದಲ್ಲಿ ಕೂತು, ಬೆಲ್ಲ ಬಾಯಿಗೆ ಹಾಕಿ, ಚೊಂಬು ಎತ್ತಿ ಪೂರ್ತಿ ಕುಡಿದೆ.